ಗೆದ್ದಿದ್ದು ಕಾಲೋ, ಕಾರ್ಬನ್ ಚಕ್ರವೋ?

ಟೈಮ್ ಟ್ರಯಲ್ ಅನ್ನೋದು ಸೈಕ್ಲಿಂಗ್‌ನಲ್ಲಿ ಅತ್ಯಂತ ಪ್ರಾಮಾಣಿಕ ಸ್ಪರ್ಧೆ ಅಂತ ಹೇಳ್ತಾರೆ. ಗುಂಪಿಲ್ಲ, ಯಾರ ಬೆನ್ನ ಹಿಂದೂ ಅಡಗುವಂತಿಲ್ಲ. ಒಬ್ಬೊಬ್ಬರಾಗಿ ಹೊರಡಬೇಕು, ಗಡಿಯಾರದ ಜೊತೆ ಗುದ್ದಾಡಬೇಕು. ಆದರೆ ನಮ್ಮ ಯಾವುದಾದರೂ ಜಿಲ್ಲಾ ಅಥವಾ ರಾಜ್ಯ ಮಟ್ಟದ ಟೈಮ್ ಟ್ರಯಲ್‌ನ ಸ್ಟಾರ್ಟ್ ಲೈನಿನಲ್ಲಿ ಹತ್ತು ನಿಮಿಷ ನಿಂತು, ಹುಡುಗರ ಮುಖ ಬಿಟ್ಟು ಅವರ ಚಕ್ರಗಳನ್ನಷ್ಟೇ ನೋಡಿ. ಒಬ್ಬನದು ಅಂಗೈಯಗಲದ ಕಪ್ಪು ಕಾರ್ಬನ್ ರಿಮ್. ಪಕ್ಕದವನದು ಸೈಕಲ್ ಜೊತೆಗೇ ಬಂದ ಅಲ್ಯೂಮಿನಿಯಂ ಚಕ್ರ, ಸವೆದ ಟೈರ್. ಗಡಿಯಾರ ಇಬ್ಬರಿಗೂ ಒಂದೇ.

ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ದಶಕಗಳಿಂದ ರಾಜ್ಯ ಮತ್ತು ದೇಶದ ತಂಡಗಳಲ್ಲಿ ಜಾಗ ಗಿಟ್ಟಿಸಿಕೊಂಡು ಬಂದಿದ್ದಾರೆ. ಹೆಚ್ಚಿನವರು ರೈತ, ಕೂಲಿ ಕುಟುಂಬಗಳಿಂದ ಬಂದವರು. ಇವರ ಪೈಕಿ ಯಾರಾದರೂ ಹಿರಿಯ ರೈಡರ್‌ಗೆ ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಇಪ್ಪತ್ತೈದು ಸಾವಿರ ಕೂಡಿಸೀನ್ರಿ. ಯಾವ ವೀಲ್ ತಗೋಬೇಕು?"

ಕೇಳೋಕೆ ಇದು ಅಂಗಡಿ ಪ್ರಶ್ನೆ. ಆದರೆ ಈ ಇಪ್ಪತ್ತೈದು ಸಾವಿರದ ಹಿಂದೆ ತೆರಿಗೆ ಇದೆ, ಆಮದು ನೀತಿ ಇದೆ, ಕ್ರೀಡಾ ಇಲಾಖೆ ಇದೆ, ಮುಂದೆ ಒಂದು ಸರ್ಕಾರಿ ನೌಕರಿಯ ಕನಸೂ ಇದೆ. ಹಾಗಾಗಿ ಎರಡೂ ಉತ್ತರ ಕೊಡೋಣ. ಮೊದಲು ಭೌತಶಾಸ್ತ್ರದ್ದು, ಆಮೇಲೆ ರಾಜಕೀಯದ್ದು.

ಗ್ರಾಂ ಲೆಕ್ಕದ ಭ್ರಮೆ

ಚಕ್ರ ಮಾರುವವರು ಮೊದಲು ಹೇಳೋದು ತೂಕ. "400 ಗ್ರಾಂ ಕಡಿಮೆ ಸರ್, ಹಾರಿ ಹೋಗ್ತದೆ." ಲೆಕ್ಕ ಹಾಕಿ ನೋಡಿ. ಸವಾರ ಮತ್ತು ಸೈಕಲ್ ಸೇರಿ 75 ಕೆ.ಜಿ. ಅಂದುಕೊಳ್ಳಿ. 400 ಗ್ರಾಂ ಅಂದರೆ ಅದರ ಶೇ 0.5ರ ಆಸುಪಾಸು. ಅರ್ಧ ಗಂಟೆಯ ಘಾಟಿ ಏರಿದರೆ ಉಳಿಯೋದು ಹೆಚ್ಚೆಂದರೆ 9 ಸೆಕೆಂಡ್. ತಿರುಗುವ ತೂಕ ದುಪ್ಪಟ್ಟು ಭಾರ ಅನ್ನೋ ಮಾತು ವೇಗ ಹೆಚ್ಚಿಸುವಾಗ ಮಾತ್ರ ನಿಜ. ಒಂದೇ ವೇಗದಲ್ಲಿ ಹೋಗುವಾಗ ಅದಕ್ಕೆ ಅರ್ಥವಿಲ್ಲ. ವಿಜಯಪುರದ ಬಯಲು ರಸ್ತೆಯಲ್ಲಂತೂ ತೂಕ ಕೊನೆಯ ವಿಚಾರ.

ಅಲ್ಲಿನ ನಿಜವಾದ ಎದುರಾಳಿ ಗಾಳಿ. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟು. ಆ ತಡೆಯ ಬಹುಪಾಲು ಹುಟ್ಟೋದು ಸವಾರನ ಮೈಯಿಂದ. ಚಕ್ರದ್ದು ಸಣ್ಣ ಪಾಲು. ಸಾದಾ ರಿಮ್ ಬಿಟ್ಟು 50 ಎಂ.ಎಂ. ಆಳದ ರಿಮ್ ಹಾಕಿದರೆ ಗಂಟೆಗೆ 40 ಕಿ.ಮೀ. ವೇಗದಲ್ಲಿ 7–8 ವ್ಯಾಟ್ ಉಳಿದೀತು. ಮೊಣಕೈ ಒಳಗೆಳೆದು, ತಲೆ ತಗ್ಗಿಸಿ, ಮೈಯ ಗಾಳಿತಡೆಯನ್ನು ಶೇ 5ರಷ್ಟು ಇಳಿಸಿದರೆ ಅದೇ ವೇಗದಲ್ಲಿ ಸುಮಾರು 11–12 ವ್ಯಾಟ್ ಉಳಿಯುತ್ತದೆ. ಅದಕ್ಕೆ ಖರ್ಚು ಸೊನ್ನೆ. ಬೇಕಾಗೋದು ತಿಂಗಳುಗಟ್ಟಲೆ ಅಭ್ಯಾಸ ಮತ್ತು ತಪ್ಪು ತಿದ್ದುವ ಒಬ್ಬ ಕೋಚ್.

ಇನ್ನು ಟೈರ್. ಅಗ್ಗದ, ಗಡುಸು ಟೈರಿನ ಉರುಳು ತಡೆಯ ಗುಣಾಂಕ 0.007ರ ಹತ್ತಿರ ಇರುತ್ತೆ. ಒಳ್ಳೆಯ ರೇಸಿಂಗ್ ಟೈರಿನದು 0.004ರ ಹತ್ತಿರ. 75 ಕೆ.ಜಿ.ಗೆ, 35 ಕಿ.ಮೀ. ವೇಗದಲ್ಲಿ ಈ ವ್ಯತ್ಯಾಸವೇ 20 ವ್ಯಾಟ್ ದಾಟುತ್ತದೆ. ಅಂದರೆ ಲಕ್ಷದ ಚಕ್ರಕ್ಕಿಂತ ಹತ್ತು ಸಾವಿರದ ಆಸುಪಾಸಿನ ಒಂದು ಜೋಡಿ ಟೈರ್ ಹೆಚ್ಚು ಕೊಡಬಲ್ಲದು. ನಮ್ಮ ಅಂಗಡಿಗಳಲ್ಲಿ ಈ ಮಾತು ಕೇಳಿಸೋದು ಅಪರೂಪ, ಯಾಕಂದ್ರೆ ಟೈರ್ ಫೋಟೋದಲ್ಲಿ ಕಾಣಲ್ಲ.

ಹಾಗಾದ್ರೆ ಚಕ್ರ ಮುಖ್ಯವೇ ಅಲ್ವಾ?

ಇಲ್ಲಿ ಒಂದು ಎಚ್ಚರ ಬೇಕು. "ಚಕ್ರದಲ್ಲೇನಿದೆ, ಕಾಲಲ್ಲಿ ದಮ್ ಇರಬೇಕು" ಅಂತ ಬಡ ಹುಡುಗರಿಗೆ ಉಪದೇಶ ಮಾಡೋದು ಸುಲಭ. ಅದು ಅರ್ಧ ಸತ್ಯ. 250 ವ್ಯಾಟ್ ಹಾಕುವ ಸವಾರನಿಗೆ 8 ವ್ಯಾಟ್ ಉಳಿದರೆ 20 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ 15ರಿಂದ 20 ಸೆಕೆಂಡ್ ವ್ಯತ್ಯಾಸ ಬರುತ್ತೆ. ಹವ್ಯಾಸಿಗೆ ಅದು ಏನೂ ಅಲ್ಲ. ಆದರೆ ಮೂರನೇ ಸ್ಥಾನಕ್ಕೂ ನಾಲ್ಕನೇ ಸ್ಥಾನಕ್ಕೂ ನಡುವಿನ ಅಂತರ ಎಷ್ಟೋ ಸಲ ಅದಕ್ಕಿಂತ ಕಡಿಮೆ.

ಮತ್ತು ನಮ್ಮಲ್ಲಿ ಮೂರನೇ ಸ್ಥಾನ ಅಂದರೆ ಬರೀ ಕಂಚಲ್ಲ, ಸರ್ಟಿಫಿಕೇಟ್. ಸರ್ಟಿಫಿಕೇಟ್ ಅಂದರೆ ರೈಲ್ವೆ, ಪೊಲೀಸ್, ಸೇನೆಯ ಕ್ರೀಡಾ ಕೋಟಾದ ಬಾಗಿಲು, ಕಾಲೇಜು ಸೀಟು. ಬೆಂಗಳೂರಿನ ಐಟಿ ಉದ್ಯೋಗಿಗೆ ಭಾನುವಾರದ ಖುಷಿಯಾಗಿರುವ ಅದೇ 15 ಸೆಕೆಂಡ್, ಜಮಖಂಡಿ ಹುಡುಗಿಗೆ ಮದುವೆ ಮುಂದೂಡುವ ಕಾರಣವಾಗಬಹುದು. ಸಮಸ್ಯೆ ಇರೋದು ಐಟಿ ಉದ್ಯೋಗಿಯಲ್ಲಲ್ಲ. ಅವಕಾಶ ಹಂಚುವ ಗಡಿಯಾರವನ್ನು ಹಣ ಕೊಟ್ಟು ಸ್ವಲ್ಪ ಹಿಂದಕ್ಕೆ ತಿರುಗಿಸಬಹುದು ಅನ್ನೋದರಲ್ಲಿ.

ತೆರಿಗೆ ಯಾರ ಪರ?

2012ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಪ್ರಣಬ್ ಮುಖರ್ಜಿ ಸೈಕಲ್ ಮೇಲಿನ ಮೂಲ ಆಮದು ಸುಂಕವನ್ನು ಶೇ 10ರಿಂದ 30ಕ್ಕೂ, ಬಿಡಿಭಾಗಗಳ ಸುಂಕವನ್ನು ಶೇ 10ರಿಂದ 20ಕ್ಕೂ ಏರಿಸಿದರು. ಉದ್ದೇಶ ದೇಶದೊಳಗಿನ ಉದ್ಯಮದ ರಕ್ಷಣೆ. ಇದನ್ನು ಸಾರಾಸಗಟಾಗಿ ಬೈಯುವಂತಿಲ್ಲ. ಲುಧಿಯಾನದ ಸಣ್ಣ ಘಟಕಗಳಲ್ಲಿ ರಿಮ್ಮು, ಕಡ್ಡಿ, ಹಬ್ ಮಾಡುವ ಕಾರ್ಮಿಕರ ಹೊಟ್ಟೆಪಾಡಿನ ಪ್ರಶ್ನೆ ಅದು. ಆದರೆ ಆ ಘಟಕಗಳು ಮುಖ್ಯವಾಗಿ ಮಾಡೋದು ದಿನಬಳಕೆಯ ಸೈಕಲ್ಲಿನ ಭಾಗ. ರೇಸಿಂಗ್ ಚಕ್ರ ಬರೋದು ಹೆಚ್ಚಾಗಿ ಚೀನಾ, ತೈವಾನ್‌ಗಳಿಂದ. ಅದರ ಮೇಲಿನ ಸುಂಕ ಲುಧಿಯಾನದ ಕಾರ್ಮಿಕನಿಗೆ ಹೆಚ್ಚೇನೂ ಕೊಡಲ್ಲ, ಬಾಗಲಕೋಟೆಯ ಹುಡುಗನಿಂದ ಕಿತ್ಕೊಳ್ಳುತ್ತೆ.

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಒಳ್ಳೆಯದೇ. ಆದರೆ ಇಳಿಕೆ ಯಾರಿಗೆ ಎಷ್ಟು ಮುಟ್ಟುತ್ತೆ ನೋಡಿ. ತೆರಿಗೆಗೆ ಮುಂಚೆ 15,000 ರೂಪಾಯಿಯ ಚಕ್ರ ಕೊಳ್ಳುವವನಿಗೆ 1,050 ರೂಪಾಯಿ ಉಳಿತಾಯ. 2 ಲಕ್ಷದ ಚಕ್ರ ಕೊಳ್ಳುವವನಿಗೆ 14,000. ತೆರಿಗೆ ಇಳಿಸೋದು ಮಾರುಕಟ್ಟೆಗೆ ಸಹಾಯ. ಮಾರುಕಟ್ಟೆಗೇ ಬರಲಾಗದವರಿಗೆ ಬೇರೆಯೇ ಏನಾದರೂ ಬೇಕು.

ವಿನಾಯಿತಿಯ ದಾರಿ ಇಲ್ಲವೇ ಅಂದರೆ, ಇದೆ. ರಾಷ್ಟ್ರೀಯ ಕ್ರೀಡಾ ಫೆಡರೇಶನ್‌ಗಳಿಗೆ ಮತ್ತು ಹೆಸರು ಮಾಡಿದ ಕ್ರೀಡಾಪಟುಗಳಿಗೆ ಆಮದು ಸುಂಕದಲ್ಲಿ ವಿನಾಯಿತಿ ಕೊಡುವ ಬಾಗಿಲನ್ನು 1994ರ ಅಧಿಸೂಚನೆಯೇ ತೆರೆದಿತ್ತು. ಇದರ ತರ್ಕ ಗಮನಿಸಿ: ಹೆಸರು ಮಾಡಿದ ಮೇಲೆ ಅಗ್ಗದ ಸಾಮಗ್ರಿ. ಹೆಸರು ಮಾಡೋಕೆ ಬೇಕಾದ ಸಾಮಗ್ರಿ ಮಾತ್ರ ಪೂರ್ತಿ ಬೆಲೆಗೆ.

ಚಕ್ರಕ್ಕೆ ಮಿತಿ ಹಾಕಿದವರು

ಯಂತ್ರಕ್ಕೆ ಲಗಾಮು ಹಾಕೋದು ಹೊಸ ಯೋಚನೆಯೇನಲ್ಲ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 1996ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ ಒಂದು ಸನ್ನದು ಹೊರಡಿಸಿತು. ಅದರ ತಿರುಳು: ಯಂತ್ರಕ್ಕಿಂತ ಮನುಷ್ಯ ಮೇಲು. ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರಬಾರದು ಅನ್ನೋ ನಿಯಮ ಬಂದದ್ದು ಈ ಯೋಚನೆಯ ಬೆನ್ನಿಗೇ. 2000ರಲ್ಲಿ ಒಂದು ಗಂಟೆಯ ದಾಖಲೆಗೆ 1972ರಲ್ಲಿ ಎಡ್ಡಿ ಮರ್ಕ್ಸ್ ಓಡಿಸಿದಂಥ ಸೈಕಲ್ಲೇ ಬೇಕು ಅಂದರು; 2014ರಲ್ಲಿ ಅದನ್ನು ಕೈಬಿಟ್ಟರು. 2026ರಿಂದ ಗುಂಪು ರಸ್ತೆ ರೇಸ್‌ಗಳಲ್ಲಿ ರಿಮ್ಮಿನ ಆಳ 65 ಎಂ.ಎಂ. ಮೀರುವಂತಿಲ್ಲ ಅನ್ನೋ ನಿಯಮವನ್ನೂ ಯುಸಿಐ ತಂದಿದೆ. ಇದಕ್ಕೆ ಅವರು ಕೊಟ್ಟ ಕಾರಣ ಸುರಕ್ಷತೆ, ಸಮಾನತೆಯಲ್ಲ.

ಜಪಾನಿನ ಕೀರಿನ್ ಇನ್ನೂ ಕಟ್ಟುನಿಟ್ಟು. ಅಲ್ಲಿ ರೇಸಿನ ಮೇಲೆ ಬಾಜಿ ಕಟ್ಟುವುದು ಕಾನೂನುಬದ್ಧ. ಹಣ ಹಾಕಿದವರಿಗೆ ಮೋಸ ಆಗಬಾರದು ಅಂತ ಪುರುಷರ ಸಾಂಪ್ರದಾಯಿಕ ರೇಸ್‌ಗಳಲ್ಲಿ ಎಲ್ಲ ಸವಾರರೂ ಅನುಮೋದಿತ ಸ್ಟೀಲ್ ಫ್ರೇಮ್, 36 ಕಡ್ಡಿಯ ಚಕ್ರವನ್ನೇ ಬಳಸಬೇಕು. ಬಾಜಿ ಕಟ್ಟಿದವನ ಹಣಕ್ಕೆ ಇಷ್ಟು ರಕ್ಷಣೆ ಕೊಡಬಹುದಾದರೆ, ಬದುಕನ್ನೇ ಬಾಜಿಗಿಟ್ಟ ಹದಿನಾರರ ಹುಡುಗಿಗೆ ಕೊಡಲಾಗದೇ?

"ಅಂತಾರಾಷ್ಟ್ರೀಯ ಮಟ್ಟದಲ್ಲಿ ಎಲ್ಲರೂ ಕಾರ್ಬನ್ ಓಡಿಸುವಾಗ ನಮ್ಮವರನ್ನು ಹಳೇ ಚಕ್ರಕ್ಕೆ ಕಟ್ಟಿಹಾಕಿದರೆ ಹಿಂದೆ ಬೀಳ್ತಾರೆ" ಅನ್ನೋ ವಾದ ಬರುತ್ತೆ. ತೂಕದ ವಾದವೇ. ಹಾಗಾಗಿ ಸೀನಿಯರ್ ಮಟ್ಟದಲ್ಲಿ ಮಿತಿ ಬೇಡ. ಆದರೆ 14, 16 ವರ್ಷದೊಳಗಿನವರ ಜಿಲ್ಲಾ, ರಾಜ್ಯ ಆಯ್ಕೆಗಳಲ್ಲಿ ಸಾದಾ ಅಲ್ಯೂಮಿನಿಯಂ ರಿಮ್ ಕಡ್ಡಾಯ ಮಾಡಿದರೆ ಯಾವ ಒಲಿಂಪಿಕ್ ಪದಕವೂ ತಪ್ಪಿಹೋಗಲ್ಲ. ಬದಲಿಗೆ ಯಾರ ಕಾಲಲ್ಲಿ ನಿಜವಾಗಿ ದಮ್ ಇದೆ ಅನ್ನೋದು ಆಯ್ಕೆದಾರರಿಗೇ ಸರಿಯಾಗಿ ಗೊತ್ತಾಗುತ್ತೆ.

ಎರಡನೆಯದು, ಚಕ್ರದ ಬ್ಯಾಂಕ್. ಟೈಮ್ ಟ್ರಯಲ್‌ನಲ್ಲಿ ವಯೋಮಿತಿಯ ಒಂದೊಂದು ವಿಭಾಗ ಒಂದೊಂದು ಹೊತ್ತಿಗೆ ಓಡುತ್ತೆ. ಹಾಗಾಗಿ ಒಂದು ಕ್ರೀಡಾ ವಸತಿ ನಿಲಯದ ಇಪ್ಪತ್ತು ಮಕ್ಕಳಿಗೆ ಇಪ್ಪತ್ತು ಜೋಡಿ ಬೇಕಿಲ್ಲ, ಮೂರ್ನಾಲ್ಕು ಜೋಡಿ ಸಾಕು. ರೇಸಿನ ದಿನ ಹಾಕಿ, ಮುಗಿದ ಮೇಲೆ ಬಿಚ್ಚಿ ಕೊಡೋದು. ವಿಜಯಪುರದ ವೆಲೋಡ್ರೋಮ್ ಕಾಮಗಾರಿ ಎಷ್ಟು ವರ್ಷ ಎಳೆಯಿತು ಅನ್ನೋದು ಆ ಭಾಗದವರಿಗೆಲ್ಲ ಗೊತ್ತು. ಚಕ್ರದ ಬ್ಯಾಂಕಿಗೆ ಕಾಂಕ್ರೀಟ್ ಬೇಡ, ಟೆಂಡರ್ ಮೇಲೆ ಟೆಂಡರ್ ಬೇಡ. ಬೇಕಿರೋದು ಒಂದು ಬೀರು, ಒಂದು ರಿಜಿಸ್ಟರ್, ಒಬ್ಬ ಮೆಕ್ಯಾನಿಕ್. ಉದ್ಘಾಟನೆಗೆ ಕಲ್ಲು ನೆಡೋಕೆ ಜಾಗವಿಲ್ಲ ಅನ್ನೋದೇ ಬಹುಶಃ ಇದರ ದೊಡ್ಡ ಕೊರತೆ!

ಅಲ್ಲಿಯವರೆಗೆ ಇಪ್ಪತ್ತೈದು ಸಾವಿರ

ನೀತಿ ಬದಲಾಗುವ ತನಕ ರೇಸ್ ನಿಲ್ಲಲ್ಲ. ಹಾಗಾಗಿ ಆ ಹುಡುಗನ ಪ್ರಶ್ನೆಗೆ ನೇರ ಉತ್ತರ.

ಮೊದಲು ಒಳ್ಳೆಯ ಟೈರ್, ಹಗುರ ಟ್ಯೂಬ್. ಹತ್ತು–ಹನ್ನೆರಡು ಸಾವಿರ ಇದಕ್ಕೇ ಇಡಿ. ರೇಸಿಗೆ ಮಾತ್ರ ಹಾಕಿ, ಪ್ರಾಕ್ಟೀಸಿಗೆ ಹಳೆಯದೇ ಇರಲಿ.

ಎರಡನೆಯದು, ಇರುವ ಚಕ್ರದ ಬೆಂಡ್ ತೆಗೆಸಿ, ಹಬ್ ಬಿಚ್ಚಿ ಗ್ರೀಸ್ ಹಾಕಿಸಿ, ಬೇರಿಂಗ್ ಸವೆದಿದ್ದರೆ ಬದಲಿಸಿ. ಕೆಲವು ನೂರು ರೂಪಾಯಿಯ ಕೆಲಸ.

ಉಳಿದ ದುಡ್ಡಲ್ಲಿ ಚಕ್ರ ಬೇಕೇ ಬೇಕು ಅಂದರೆ ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ನೋಡಿ. ಕೊಳ್ಳುವ ಮುಂಚೆ ನಾಲ್ಕು ಪರೀಕ್ಷೆ: ನಿಮ್ಮದು ರಿಮ್ ಬ್ರೇಕೋ ಡಿಸ್ಕೋ, ಆಕ್ಸಲ್ ಕ್ವಿಕ್ ರಿಲೀಸೋ ಥ್ರೂ ಆಕ್ಸಲ್ಲೋ, ನಿಮ್ಮ ಗೇರ್ ಕ್ಯಾಸೆಟ್ ಅದರ ಫ್ರೀಹಬ್‌ಗೆ ಕೂರುತ್ತದೋ ಇಲ್ಲವೋ, ರಿಮ್ ಬ್ರೇಕ್ ಆದರೆ ಬ್ರೇಕ್ ಹಿಡಿಯುವ ಜಾಗ ಸವೆದು ಒಳಕ್ಕೆ ಬಾಗಿದೆಯೋ. ಬಾಗಿದ್ದರೆ ಎಷ್ಟೇ ಅಗ್ಗವಾದರೂ ಬಿಡಿ. ನಮ್ಮ ರಸ್ತೆಗೆ 24–28 ಕಡ್ಡಿಯ ಚಕ್ರ ಒಳ್ಳೆಯದು. ಒಂದು ಕಡ್ಡಿ ಮುರಿದರೂ ಮನೆ ಸೇರಬಹುದು, ಊರಿನ ಮೆಕ್ಯಾನಿಕ್ ಸರಿ ಮಾಡಬಲ್ಲ.

ನಾಲ್ಕೈದು ಜನ ಒಟ್ಟಿಗೆ ಅಭ್ಯಾಸ ಮಾಡುವವರಿದ್ದರೆ ಸೇರಿ ಒಂದೇ ಒಂದು ಆಳದ ಮುಂಚಕ್ರ ಕೊಳ್ಳಿ. ಗಾಳಿಯನ್ನು ಮೊದಲು ಸೀಳೋದು ಮುಂಚಕ್ರವೇ, ಹಾಗಾಗಿ ಲಾಭವೂ ಅಲ್ಲೇ ಹೆಚ್ಚು. ಮುಂಚಕ್ರಕ್ಕೆ ಗೇರಿನ ತಕರಾರಿಲ್ಲ; ಬ್ರೇಕು, ಆಕ್ಸಲ್ ಹೊಂದಿದರೆ ಎಲ್ಲರ ಸೈಕಲ್ಲಿಗೂ ಕೂರುತ್ತೆ.

ಹೆಸರಿಲ್ಲದ ಅಗ್ಗದ ಕಾರ್ಬನ್ ರಿಮ್ಮಿಗೆ ರಿಮ್ ಬ್ರೇಕ್ ಹಾಕಿ ಘಾಟಿ ಇಳಿಯಬೇಡಿ, ಬಿಸಿಗೆ ರಿಮ್ ಒಡೆಯಬಹುದು. ಮತ್ತು ಚಕ್ರಕ್ಕಾಗಿ ಬಡ್ಡಿ ಸಾಲ ಮಾಡಬೇಡಿ. ಚಕ್ರದ ಬೆಲೆ ಮರುದಿನವೇ ಇಳಿಯುತ್ತೆ, ಬಡ್ಡಿ ಇಳಿಯಲ್ಲ.

ಇಷ್ಟು ಮಾಡಿದರೆ ಆ ಹುಡುಗ ಕಾರ್ಬನ್ ಚಕ್ರದವನ ತೀರಾ ಹತ್ತಿರ ಬರ್ತಾನೆ. ಉಳಿಯೋದು ಆ ಕೊನೆಯ 15 ಸೆಕೆಂಡ್. ಅದನ್ನು ಅವನೊಬ್ಬನೇ ತುಂಬಬೇಕು ಅಂತ ಬಿಟ್ಟರೆ ನಾವು ಅದಕ್ಕೆ "ಪ್ರತಿಭೆ" ಅಂತ ಹೆಸರಿಟ್ಟು ಸುಮ್ಮನಾಗ್ತೀವಿ. ತುಂಬಬೇಕಾದ್ದು ಕ್ರೀಡಾ ಇಲಾಖೆ. ಮುಂದಿನ ಬಜೆಟ್ ಚರ್ಚೆಯಲ್ಲಿ ನಿಮ್ಮ ಶಾಸಕರು ಕ್ರೀಡಾಂಗಣದ ಮಾತೆತ್ತಿದಾಗ, ಚಕ್ರ ಎಲ್ಲಿ ಅಂತಲೂ ಒಮ್ಮೆ ಕೇಳಿ.