ನಮ್ಮ ಕಡಲು ಪೂರ್ವಕ್ಕಿದೆ, ಹಗಲಲ್ಲೇ ಹೋಗೋಣ

ನಮ್ಮ ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಮುತ್ತ ರಜೆ ಬಂತೆಂದರೆ ಕಡಲಿಗೆ ಹೋಗುವ ರೀತಿ ಒಂದೇ. ಶುಕ್ರವಾರ ರಾತ್ರಿ ಊಟ ಮುಗಿಸಿ ಟಿಟಿ ಹತ್ತುವುದು, ಬೆಂಗಳೂರು ದಾಟಿ ಶಿರಾಡಿ ಘಾಟಿ ಇಳಿಯುವುದು, ಬೆಳಗಾಗುವಾಗ ಧರ್ಮಸ್ಥಳ, ಮಧ್ಯಾಹ್ನಕ್ಕೆ ಉಡುಪಿ, ಸಂಜೆ ಮಲ್ಪೆಯಲ್ಲಿ ಅರ್ಧ ಗಂಟೆ ನೀರಾಟ, ಮತ್ತೆ ರಾತ್ರಿಯಿಡೀ ವಾಪಸು. ಲಾಡ್ಜಿನ ದುಡ್ಡು ಉಳಿಯಿತು ಅನ್ನುವ ಸಮಾಧಾನ. ಆದರೆ ಸ್ಟೇರಿಂಗ್ ಹಿಡಿದವನ ಎರಡು ರಾತ್ರಿಯ ನಿದ್ದೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆ ಸೀಟು ನನಗೆ ಗೊತ್ತು. ಹಲವು ವರ್ಷ ನಾನು ರಾತ್ರಿ ಗಾಡಿ ಓಡಿಸಿದವನು. ನನ್ನ ಹಿಂದೆ ಇರುತ್ತಿದ್ದದ್ದು ಟೊಮೆಟೊ ಬಾಕ್ಸುಗಳು. ಮಂಡಿಯಲ್ಲಿ ಸಂಜೆ ಲೋಡಾದ ಮಾಲು ಬೆಳಕು ಹರಿಯುವ ಮೊದಲು ಚೆನ್ನೈನ ಕೋಯಂಬೇಡು ಮುಟ್ಟಬೇಕು, ಇಲ್ಲದಿದ್ದರೆ ರೇಟು ಬಿದ್ದುಹೋಗುತ್ತದೆ. ನಂಗಲಿ, ಪಲಮನೇರು, ಚಿತ್ತೂರು, ರಾಣಿಪೇಟೆ ಎಲ್ಲವೂ ನನಗೆ ಹೆಡ್‌ಲೈಟ್ ಬೆಳಕಿನಲ್ಲಿ ಕಂಡ ಊರುಗಳು. ರಾತ್ರಿ ಎರಡರಿಂದ ನಾಲ್ಕರ ನಡುವೆ ಡ್ರೈವರನ ಕಣ್ಣು ತೆರೆದೇ ಇರುತ್ತದೆ, ಆದರೆ ಮುಂದಿನ ಲಾರಿಯ ಕೆಂಪು ದೀಪ ನಿಂತಿದೆಯೋ ಓಡುತ್ತಿದೆಯೋ ತಿಳಿಯುವುದಿಲ್ಲ. ಟೀ ಕುಡಿದು ಮುಖ ತೊಳೆದರೆ ಅರ್ಧ ಗಂಟೆ ತಡೆಯಬಹುದು, ಅಷ್ಟೆ. ಮಾಲಿಗಾದರೆ ಬೇರೆ ದಾರಿಯಿಲ್ಲ. ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ ಹಿಂದೆ ಮಲಗಿರುವಾಗ ಆ ಎರಡು ಗಂಟೆಯೊಳಕ್ಕೆ ಗಾಡಿ ನುಗ್ಗಿಸುವ ಅಗತ್ಯ ಏನಿದೆ? ಇದನ್ನು ನಿಲ್ಲಿಸಬೇಕು ಎಂದು ಹೇಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ. ನಿಲ್ಲಿಸುವುದು ಸುಲಭವೂ ಹೌದು, ಏಕೆಂದರೆ ಕೋಲಾರ ಜಿಲ್ಲೆಯವರಿಗೆ ಹತ್ತಿರದ ಕಡಲು ಇರುವುದು ಪೂರ್ವಕ್ಕೆ.

ಇಲ್ಲಿಂದ ಮಂಗಳೂರು 400 ಕಿ.ಮೀ.ಗೂ ಹೆಚ್ಚು, ನಡುವೆ ಬೆಂಗಳೂರಿನ ಟ್ರಾಫಿಕ್ಕು, ಆಮೇಲೆ ಘಾಟಿ. ಮಹಾಬಲಿಪುರ 250ರಿಂದ 280 ಕಿ.ಮೀ. ಒಳಗೆ ಸಿಗುತ್ತದೆ. ಬೆಳಿಗ್ಗೆ ಐದಕ್ಕೆ ಹೊರಟವರು ದಾರಿಯಲ್ಲಿ ಇಳಿದು, ನೋಡಿ, ತಿಂದು, ನಾಲ್ಕೂವರೆಗೆ ಕಡಲ ಮುಂದೆ ನಿಲ್ಲಬಹುದು.

ಪ್ಲಾನ್ ಮಾಡಲು ಗೂಗಲ್ ಮ್ಯಾಪಿಗಿಂತ ಮೊದಲು ನಮ್ಮ ಎರಡು ನದಿಗಳನ್ನು ನೆನಪಿಸಿಕೊಳ್ಳಿ. ನಂದಿಬೆಟ್ಟದ ಕಡೆ ಹುಟ್ಟುವ ಪಾಲಾರ್ ಬೇತಮಂಗಲದ ಕೆರೆ ತುಂಬಿಸಿ, ಕುಪ್ಪಂ ಸೀಮೆ ಹಾದು ತಮಿಳುನಾಡಿಗೆ ಇಳಿಯುತ್ತದೆ. 348 ಕಿ.ಮೀ. ಉದ್ದದಲ್ಲಿ 93 ಕರ್ನಾಟಕದ್ದು, 33 ಆಂಧ್ರದ್ದು, ಉಳಿದ 222 ತಮಿಳುನಾಡಿನದು. ಕೆಜಿಎಫ್‌ನ ಗಣಿ ಕಾಲೊನಿಗಳು ಕುಡಿದದ್ದು ಬೇತಮಂಗಲದ ನೀರನ್ನು. ಆ ನದಿ ಮಹಾಬಲಿಪುರದ ದಕ್ಷಿಣಕ್ಕೆ ವಯಲೂರಿನ ಬಳಿ ಸಮುದ್ರ ಸೇರುತ್ತದೆ. ಇನ್ನೊಂದು ದಕ್ಷಿಣ ಪಿನಾಕಿನಿ, ತಮಿಳರ ಪೆಣ್ಣೆಯಾರ್. ಬಂಗಾರಪೇಟೆಗೆ ಕುಡಿಯುವ ನೀರು ಕೊಡುವ ಯರಗೋಳ್ ಅಣೆಕಟ್ಟೆ ಇರುವುದು ಅದರ ಉಪನದಿ ಮಾರ್ಕಂಡೇಯದ ಮೇಲೆ. ಪೆಣ್ಣೆಯಾರ್ ಕಡಲೂರಿನಲ್ಲಿ ಸಮುದ್ರಕ್ಕೆ ಬೀಳುತ್ತದೆ. ಪಾಲಾರ್ ಹಿಡಿದು ಇಳಿಯುವುದು, ಎರಡು ಅಳಿವೆಗಳ ನಡುವೆ ಕಡಲ ತಡಿಯಲ್ಲಿ ಒಂದು ದಿನ, ಪೆಣ್ಣೆಯಾರ್ ಹಿಡಿದು ಹತ್ತುವುದು. ಮೂರು ಹಗಲು, ಎರಡು ರಾತ್ರಿ. ಎರಡೂ ರಾತ್ರಿ ಹಾಸಿಗೆಯ ಮೇಲೆ.

ಮೊದಲ ದಿನ ಕುಪ್ಪಂ ಮೇಲೆ ಹೋಗಿ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ನಮ್ಮ ರಾಜ್ಯದ 71 ಕಿ.ಮೀ. ಮುಗಿದಿದೆ. ಪೂರ್ತಿಯಾದ ಮೇಲೆ ಟೊಮೆಟೊಗೆ ಅದಕ್ಕಿಂತ ಒಳ್ಳೆಯ ರಸ್ತೆಯಿಲ್ಲ. ಮನೆಮಂದಿಯ ಪ್ರಯಾಣಕ್ಕೆ ಮಾತ್ರ ಹಳೆಯ ದಾರಿಯೇ ಸರಿ, ಬೇಕಾದಲ್ಲಿ ಇಳಿಯಬಹುದು. ಎರಡು ಗಂಟೆ ಕಳೆಯುವುದರೊಳಗೆ ಮೂರು ರಾಜ್ಯ ಮೆಟ್ಟಿರುತ್ತೀರಿ. ಕುಪ್ಪಂನ ಟೀ ಅಂಗಡಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೆಂಚಿನ ಮೇಲೆ ಕೂತಿರುತ್ತವೆ. ವಾಣಿಯಂಬಾಡಿಯಲ್ಲಿ ಮಕ್ಕಳಿಗೆ ಒಂದು ಮಾತು ಹೇಳಬೇಕು. 1903ರ ನವೆಂಬರ್‌ನಲ್ಲಿ ಮೇಲಿನ ನಮ್ಮ ಕೆರೆಗಳು ಒಡೆದು ಬಂದ ನೀರಿಗೆ ಆ ಊರು ಕೊಚ್ಚಿಹೋಯಿತು, ಅದರ ನೆನಪಿನ ಕಲ್ಲು ಅಲ್ಲಿದೆ. ನಮ್ಮ ಕೆರೆ ಏರಿಯ ಒಂದು ಬಿರುಕು ಎಷ್ಟು ದೂರ ಮುಟ್ಟುತ್ತದೆ ಎನ್ನುವುದು ಪುಸ್ತಕದಲ್ಲಿ ಓದಿದರೆ ಹೀಗೆ ತಲೆಗೆ ಹತ್ತುವುದಿಲ್ಲ. ಅಲ್ಲಿಂದ ಆಂಬೂರು, ರಾಣಿಪೇಟೆವರೆಗೆ ಪಾಲಾರ್ ದಂಡೆಯಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳು. ನದಿಗೆ ವಿಷ ಬಿಟ್ಟವರೇ ಶುಚಿ ಮಾಡುವ ಖರ್ಚು ಹೊರಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟದ್ದು ಇಲ್ಲಿನ ಪ್ರಕರಣದಲ್ಲೇ. ಸೇತುವೆ ಮೇಲೆ ಗಾಜು ಇಳಿಸಿದರೆ ಬರುವ ವಾಸನೆ, ಆ ತೀರ್ಪು ಇನ್ನೂ ನೀರಿನವರೆಗೆ ಇಳಿದಿಲ್ಲ ಎಂದು ಹೇಳುತ್ತದೆ.

ವೆಲ್ಲೂರು ಕೋಟೆಗೆ ಒಂದು ಗಂಟೆ ಕೊಡಿ. ಹೈದರಾಲಿ ಹುಟ್ಟಿದ ಬೂದಿಕೋಟೆ ನಮ್ಮ ತಾಲ್ಲೂಕಿನದು. ಅವನ ಮೊಮ್ಮಕ್ಕಳನ್ನು 1799ರ ನಂತರ ಬ್ರಿಟಿಷರು ಕೂಡಿಹಾಕಿದ್ದು ಈ ಕೋಟೆಯಲ್ಲಿ, 1806ರಲ್ಲಿ ಸಿಪಾಯಿಗಳು ದಂಗೆ ಎದ್ದದ್ದೂ ಇಲ್ಲೇ.

ದೇವಾಲಯಗಳು ಮಧ್ಯಾಹ್ನ ಬಾಗಿಲು ಹಾಕುವ ಮೊದಲು ಕಂಚಿ ತಲುಪಬೇಕು. ಅದಕ್ಕಾಗಿಯೇ ಐದು ಗಂಟೆಗೆ ಹೊರಡಿ ಎಂದದ್ದು. ನಮ್ಮವರು ಕಂಚಿಯಲ್ಲಿ ಕಾಮಾಕ್ಷಿ ನೋಡಿ, ಸೀರೆ ಕೊಂಡು, ಗಾಡಿ ಹತ್ತುತ್ತಾರೆ. ಊರಾಚೆಯ ಕೈಲಾಸನಾಥ ದೇವಾಲಯಕ್ಕೆ ಹೋಗುವುದು ಕಡಿಮೆ. ಚಾಲುಕ್ಯರ ಬಾದಾಮಿಯನ್ನು 642ರಲ್ಲಿ ಗೆದ್ದವರು ಕಂಚಿಯ ಪಲ್ಲವರು. ಸುಮಾರು ನೂರು ವರ್ಷದ ನಂತರ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಗೆದ್ದವನು ಈ ದೇವಾಲಯದ ಸಂಪತ್ತನ್ನು ಕೊಳ್ಳೆ ಹೊಡೆಯದೆ ದೇವರಿಗೇ ಹಿಂದಿರುಗಿಸಿದ, ಹಾಗೆಂದು ಕನ್ನಡದಲ್ಲಿ ಶಾಸನ ಬರೆಸಿದ. ಮುಂದಿನ ಮಂಟಪದ ಕಂಬದ ಮೇಲೆ ಅದು ಇವತ್ತಿಗೂ ಇದೆ. ಅಕ್ಷರ ಹಳೆಯವು, ನಮಗೆ ಓದಲು ಬರುವುದಿಲ್ಲ. ಮರಳುಗಲ್ಲು ಸವೆದು ಕೆಲವು ಸಾಲು ಬೆರಳಿಗೆ ಮಾತ್ರ ತಗಲುವಷ್ಟು ತೆಳುವಾಗಿವೆ, ಮುಟ್ಟಬಾರದು ನಿಜ, ಹತ್ತಿರ ಬಗ್ಗಿ ನೋಡಿದರೆ ಗೆರೆಗಳ ದುಂಡು ಕಾಣುತ್ತದೆ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದು ಈಗಿನ ವಿರೂಪಾಕ್ಷ ದೇವಾಲಯ. ಅಷ್ಟು ದೊಡ್ಡ ದ್ವೇಷದ ನಡುವೆ ಅಷ್ಟು ದೊಡ್ಡ ಮನಸ್ಸು. ಕಾವೇರಿ, ಪೆಣ್ಣೆಯಾರ್ ಎಂದು ನೀರಿನ ಜಗಳ ಬಂದಾಗಲೆಲ್ಲ ನನಗೆ ಆ ಕಂಬ ನೆನಪಾಗುತ್ತದೆ.

ಚೆಂಗಲ್ಪಟ್ಟು ದಾಟಿ ಮಹಾಬಲಿಪುರದಲ್ಲಿ ರಾತ್ರಿ ಉಳಿಯಿರಿ. ಕಂಚಿಯ ಕೈಲಾಸನಾಥ ಕಟ್ಟಿಸಿದ ಪಲ್ಲವ ದೊರೆ ರಾಜಸಿಂಹನೇ ಇಲ್ಲಿನ ಕಡಲ ತೀರದ ದೇವಾಲಯವನ್ನೂ ಕಟ್ಟಿಸಿದವನು. ಅದನ್ನು ಮರುದಿನ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನೋಡಬೇಕು. ಪೂರ್ವದ ಕಡಲಿನಲ್ಲಿ ಸೂರ್ಯ ನೀರಿನಿಂದ ಏಳುತ್ತಾನೆ, ಒಂಬತ್ತಕ್ಕೆ ಮರಳು ಕಾಲು ಸುಡುತ್ತದೆ. ಹಾಗಾಗಿ ಇಲ್ಲಿ ಬೀಚು ಎಂದರೆ ಐದೂಮುಕ್ಕಾಲರಿಂದ ಎಂಟೂವರೆ, ಮತ್ತೆ ಸಂಜೆ ನಾಲ್ಕರ ಮೇಲೆ. ನಡುಹೊತ್ತು ಗಾಡಿಗೋ ನೆರಳಿಗೋ ಮೀಸಲು. ನೀರಿಗೆ ಇಳಿಯುವ ಮಾತಿನಲ್ಲಿ ನಾನು ಕಠಿಣ. ಕೆರೆಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ವಾಪಸು ಹೋಗುವ ಅಲೆಯ ಎಳೆತ ಗೊತ್ತಿರುವುದಿಲ್ಲ. ಮೊಣಕಾಲಿನ ಮೇಲೆ ನೀರು ಬೇಡ. ಮೀನುಗಾರರು ಬೇಡವೆಂದ ಕಡೆ ಪಾದವೂ ಬೇಡ.

ಎರಡನೇ ದಿನದ ರಸ್ತೆ ಬರೀ ನೂರು ಕಿ.ಮೀ. ಈಸ್ಟ್ ಕೋಸ್ಟ್ ರೋಡಿನಲ್ಲಿ ದಕ್ಷಿಣಕ್ಕೆ ಹೊರಟರೆ ಮೊದಲು ಸದ್ರಾಸ್, ಡಚ್ಚರು ಕಟ್ಟಿದ ಕೋಟೆ. ಪಕ್ಕದಲ್ಲೇ ಕಲ್ಪಾಕ್ಕಂ ಅಣು ವಿದ್ಯುತ್ ಸ್ಥಾವರ. ಅದರಾಚೆ ವಯಲೂರಿನ ಸೇತುವೆ. ಗಾಡಿ ಸೇತುವೆ ದಾಟಿಸಿ ಓರೆಗೆ ನಿಲ್ಲಿಸಿ, ಇಳಿಯಿರಿ. ಪಾಲಾರ್ ಕೊನೆಯಾಗುವ ಜಾಗ ಇದು. ಬೇಸಿಗೆಯಲ್ಲಿ ಕಣ್ಣು ಹಾಯುವಷ್ಟು ದೂರ ಮರಳು, ಸಮುದ್ರದ ಉಪ್ಪು ಒಳಕ್ಕೆ ನುಗ್ಗದಂತೆ ಕಟ್ಟಿದ ತಡೆಗೋಡೆ, ಅದರ ಹಿಂದೆ ತಂಗಿದ ಒಂದಿಷ್ಟು ನೀರು, ನೀರಿನಲ್ಲಿ ಕೊಕ್ಕರೆಗಳು. 2021ರ ನವೆಂಬರ್‌ನಲ್ಲಿ ನಮ್ಮಲ್ಲಿ ಕೆರೆಗಳು ಕೋಡಿ ಹರಿದಾಗ ಇದೇ ನದಿ ವೆಲ್ಲೂರಿನಲ್ಲಿ ದಡ ಮೀರಿತ್ತು. ನನ್ನ ತಾಯಿ ಇಲ್ಲಿ ನಿಂತು ಕೇಳಿದ್ದು ಒಂದೇ ಪ್ರಶ್ನೆ, “ಬೇತಮಂಗಲದ ನೀರು ಇಷ್ಟು ದೂರ ಬರುತ್ತೇನಪ್ಪಾ?” ಜಿಲ್ಲೆಯ ಪ್ರತಿ ಶಾಲೆಯ ಮಕ್ಕಳನ್ನೂ ಒಮ್ಮೆ ಇಲ್ಲಿಗೆ ತರಬೇಕು ಎಂದು ನನಗೆ ಅನ್ನಿಸಿದ್ದು ಆಗ.

ಮರಕ್ಕಾಣಂನಲ್ಲಿ ರಸ್ತೆಯ ಮಗ್ಗುಲಲ್ಲೇ ಉಪ್ಪಿನ ಪಾತಿಗಳು. ಬಿಸಿಲಿಗೆ ನೀರು ಹಿಂಗಿ ಅಂಚಿನಲ್ಲಿ ಮೊದಲು ಒಂದು ಬಿಳಿ ಪೊರೆ ಕಟ್ಟುತ್ತದೆ. ಬರಿಗಾಲಲ್ಲಿ ನಿಂತವರು ಉದ್ದ ಕೋಲಿನ ಮರದ ಗೋರೆಯಿಂದ ಅದನ್ನು ಬದುವಿಗೆ ಎಳೆದು ಗುಡ್ಡೆ ಮಾಡುತ್ತಾರೆ. ಅವರ ಕಾಲಿನ ಚರ್ಮ ನೋಡಿದ ಮೇಲೆ, ಟೊಮೆಟೊ ಬಿಡಿಸುವ ನಮ್ಮ ಹೆಂಗಸರ ಕೈ ಬೆರಳಿನ ಕಪ್ಪು ನೆನಪಾಗಿ ನಾನು ಹೆಚ್ಚು ಹೊತ್ತು ಫೋಟೊ ತೆಗೆಯಲಿಲ್ಲ. ಆಳಂಪರೈ ಕೋಟೆಯ ಇಟ್ಟಿಗೆ ಗೋಡೆಗಳು ಇದೇ ದಾರಿಯಲ್ಲಿವೆ, ಹೊತ್ತಿದ್ದರೆ ನೋಡಿ. ಮಧ್ಯಾಹ್ನಕ್ಕೆ ಪುದುಚೇರಿ, ರಾತ್ರಿ ಅಲ್ಲೇ. ನಮ್ಮ ಕಡೆಯ ಹುಡುಗರಿಗೆ ಆ ಊರೆಂದರೆ ಅಗ್ಗದ ಬಾಟಲಿ, ಮತ್ತೇನೂ ಅಲ್ಲ. ಆದರೆ ಅಲ್ಲಿನ ಬೀಚ್ ರಸ್ತೆಗೆ ಸಂಜೆ ವಾಹನ ಬಿಡುವುದಿಲ್ಲ, ವಯಸ್ಸಾದವರು ಗಾಳಿಗೆ ನಿಶ್ಚಿಂತೆಯಿಂದ ನಡೆಯಬಹುದಾದ ಇಂಥ ಉದ್ದನೆಯ ರಸ್ತೆ ನಮ್ಮ ಊರುಗಳಲ್ಲಿ ಎಲ್ಲಿದೆ?

ಮೂರನೇ ದಿನ ದೂರ ಹೆಚ್ಚು, 300 ಕಿ.ಮೀ. ಆಸುಪಾಸು. ಕಡಲೂರಿನಲ್ಲಿ ಪೆಣ್ಣೆಯಾರ್ ನೋಡಿ, ಹಲಸು ಗೋಡಂಬಿಯ ಪನ್‌ರುಟ್ಟಿ, ನದಿ ದಂಡೆಯ ತಿರುಕ್ಕೋವಿಲೂರು ಹಾದು ತಿರುವಣ್ಣಾಮಲೈ. ಹೊಯ್ಸಳರ ಮೂರನೇ ವೀರಬಲ್ಲಾಳ ಕೊನೆಗಾಲದಲ್ಲಿ ಬೀಡು ಬಿಟ್ಟು ಆಳಿದ್ದು ಇಲ್ಲಿಂದ. ದೇವಾಲಯದ ಒಂದು ಗೋಪುರಕ್ಕೆ ಅವನದೇ ಹೆಸರು. ಅಲ್ಲಿಂದ ಚೆಂಗಂ, ಊತ್ತಂಗರೈ, ಕೃಷ್ಣಗಿರಿ, ಕುಪ್ಪಂ ರಸ್ತೆ, ಮನೆ.

ಯಾವಾಗ ಹೋಗಬೇಕು? ಜನವರಿಯಿಂದ ಮಾರ್ಚ್ ಮೊದಲ ವಾರದವರೆಗೆ. ನಮ್ಮವರು ಪಶ್ಚಿಮದ ಮಳೆಗಾಲ ಲೆಕ್ಕ ಹಾಕಿ ದಸರಾ ರಜೆಗೆ ಹೊರಡುತ್ತಾರೆ. ಪೂರ್ವದಲ್ಲಿ ಹಿಂಗಾರು ಶುರುವಾಗುವುದೇ ಅಕ್ಟೋಬರ್‌ನಲ್ಲಿ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ಸೇರಿದ ಮೇಲೆ, ಕಡಲಿನಿಂದ ಅಷ್ಟು ದೂರದ ಊತ್ತಂಗರೈಯಲ್ಲೂ ನಿಂತಿದ್ದ ವಾಹನಗಳು ಕೊಚ್ಚಿಹೋದವು. ಮೇ ತಿಂಗಳು ಬೇಡವೇ ಬೇಡ, ಕತ್ತರಿ ಬಿಸಿಲನ್ನು ಮಕ್ಕಳು ತಡೆಯುವುದಿಲ್ಲ. ಬಾಡಿಗೆ ಗಾಡಿಯಾದರೆ ಆಂಧ್ರ, ತಮಿಳುನಾಡು ಎರಡರ ಪರ್ಮಿಟ್ಟು, ಟ್ಯಾಕ್ಸಿನ ವಿಷಯ ಮಾಲೀಕರ ಹತ್ತಿರ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಿ. ಮೊದಲ ದಿನಕ್ಕೆ ಪುಳಿಯೋಗರೆ, ಚಪಾತಿ ಕಟ್ಟಿಕೊಂಡರೆ ಸಾಕು. ಡ್ರೈವರನಿಗೂ ಒಂದು ರೂಮು ಮಾಡಿ, ಗಾಡಿಯಲ್ಲೇ ಮಲಗಿಕೋ ಅನ್ನಬೇಡಿ. ಸೆಕೆಯಲ್ಲಿ ಸೊಳ್ಳೆ ಹೊಡೆಯುತ್ತ ಮಲಗಿದವನು ಬೆಳಿಗ್ಗೆ ನಿಮ್ಮ ಮಕ್ಕಳನ್ನು ಕೂರಿಸಿಕೊಂಡು ಹೊರಡಬೇಕು.

ಸ್ವಂತ ಗಾಡಿ ಇಲ್ಲದವರು, ಬಾಡಿಗೆ ಕೊಡಲಾಗದವರು ನಮ್ಮಲ್ಲಿ ಬಹಳ. ಕೆಎಸ್‌ಆರ್‌ಟಿಸಿಯ ಕೋಲಾರ ವಿಭಾಗ ಜನವರಿಯಿಂದ ಮಾರ್ಚ್‌ವರೆಗೆ ಕೆಜಿಎಫ್ ಮತ್ತು ಬಂಗಾರಪೇಟೆಯಿಂದ ಈ ದಾರಿಯಲ್ಲಿ ವಾರಕ್ಕೊಂದು ಪ್ಯಾಕೇಜ್ ಬಸ್ ಬಿಡಬೇಕು. ಶನಿವಾರ ಬೆಳಿಗ್ಗೆ ಐದಕ್ಕೆ ಹೊರಟು ಸೋಮವಾರ ಸಂಜೆ ವಾಪಸು, ಇಬ್ಬರು ಚಾಲಕರು, ರಾತ್ರಿ ಓಟ ಇಲ್ಲ. ಕಂಚಿಯ ಕಂಬದ ಹತ್ತಿರವೂ ವಯಲೂರಿನ ಸೇತುವೆ ದಾಟಿದ ಮೇಲೂ ಬಸ್ ಅರ್ಧ ಗಂಟೆ ನಿಲ್ಲಲಿ, ಶಾಲೆಗಳಿಗೆ ಟಿಕೆಟ್ ದರ ಅರ್ಧ ಮಾಡಲಿ.