ಕಡಲು ಊರು ಬಿಟ್ಟು ಹೋಗುವ ಕೊಲ್ಲಿ

ಇಂಗ್ಲೆಂಡಿನ ವಾಯವ್ಯ ತೀರದಲ್ಲಿ, ಲ್ಯಾಂಕಶೈರ್ ಮತ್ತು ಕಂಬ್ರಿಯಾ ಸೀಮೆಗಳ ನಡುವೆ, ಐರಿಷ್ ಸಮುದ್ರವು ನೆಲದೊಳಕ್ಕೆ ಚಾಚಿಕೊಂಡಿರುವ ಮೋರ್‌ಕಂಬ್ ಕೊಲ್ಲಿಗೆ ಹೊಸದಾಗಿ ಬಂದ ಪ್ರವಾಸಿಗನಿಗೆ ಒಂದು ಪೇಚು ಕಾದಿರುತ್ತದೆ. ಕಡಲನ್ನು ನೋಡಲೆಂದು ಬಂದವನ ಕಣ್ಣೆದುರಿಗೆ ಎಷ್ಟೋ ಸಲ ಕಡಲೇ ಇರುವುದಿಲ್ಲ. ದಿಗಂತದವರೆಗೂ ಒದ್ದೆ ಮರಳು. ಅದರ ಮೇಲೆ ಬೆಳ್ಳಿಯ ಗೆರೆ ಎಳೆದಂತೆ ಅಲ್ಲೊಂದು ಇಲ್ಲೊಂದು ನೀರಿನ ಕಾಲುವೆ. ಕೆಸರಿನಲ್ಲಿ ಕೊಕ್ಕಿಟ್ಟು ಮೇಯುವ ಸಹಸ್ರಾರು ಹಕ್ಕಿಗಳು. ಕೆಲವೇ ತಾಸುಗಳ ತರುವಾಯ ಅದೇ ಜಾಗಕ್ಕೆ ಹಿಂದಿರುಗಿ ನೋಡಿದರೆ ದಂಡೆಯ ಗೋಡೆಗೆ ಅಲೆ ಬಡಿಯುತ್ತಿರುತ್ತದೆ.

ಉಬ್ಬರವಿಳಿತ ಎಲ್ಲ ಕಡಲಿಗೂ ಇದ್ದದ್ದೇ. ಆದರೆ ಕಾರವಾರ ಮಂಗಳೂರುಗಳ ತೀರದಲ್ಲಿ ಆರೇಳು ಅಡಿಗಳೊಳಗೆ ಮುಗಿಯುವ ಈ ಏರಿಳಿತ, ಇಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನ ದಿನಗಳಲ್ಲಿ 30 ಅಡಿಯನ್ನೂ ಮೀರುತ್ತದೆ. ಕೊಲ್ಲಿಯ ತಳವು ಅಂಗಳದಂತೆ ಚಪ್ಪಟೆಯಾಗಿರುವುದರಿಂದ ನೀರು ಇಳಿದಾಗ ಮೈಲಿಗಟ್ಟಲೆ ಹಿಂದೆ ಸರಿಯುತ್ತದೆ. ಸುಮಾರು 120 ಚದರ ಮೈಲಿಯಷ್ಟು ಮರಳು ಮತ್ತು ಕೆಸರು ಬಯಲಾಗುತ್ತದೆ. ಮರಳಿ ಬರುವಾಗ ಅದರ ವೇಗ ಕುದುರೆಯ ಓಟವನ್ನು ಮೀರಿಸುವುದೆಂದು ಅಲ್ಲಿಯವರ ಮಾತು. ಅಪಾಯವಿರುವುದು ವೇಗದಲ್ಲಿ ಮಾತ್ರವಲ್ಲ. ನೀರು ಎದುರಿನಿಂದ ಸಾಲಾಗಿ ಬರುವುದಿಲ್ಲ. ಕೆಂಟ್, ಕೀರ್ ಮೊದಲಾದ ನದಿಗಳು ಮರಳಿನಲ್ಲಿ ಕೊರೆದ ತಗ್ಗುಗಳೊಳಗೆ ಸದ್ದಿಲ್ಲದೆ ನುಗ್ಗಿ, ನಡೆಯುವವನ ಬೆನ್ನ ಹಿಂದೆ ಸುತ್ತುವರಿಯುತ್ತದೆ. ಅವನು ನೋಡುತ್ತಿರುವ ದಿಕ್ಕಿನಲ್ಲಿ ಇನ್ನೂ ಒಣ ಮರಳೇ ಕಾಣುತ್ತಿರುತ್ತದೆ.

ಆದ್ದರಿಂದ ಈ ಕೊಲ್ಲಿಯನ್ನು ಕಾಣಬೇಕಾದದ್ದು ಅದರ ಸುತ್ತಲಿನ ಭೂಶಿರಗಳಿಂದ ಮತ್ತು ಗುಡ್ಡಗಳಿಂದ. ದಕ್ಷಿಣದ ತುದಿಯಲ್ಲಿರುವ ಹೀಶಮ್ ಭೂಶಿರದಿಂದ ಹೊರಡುವುದು ಅನುಕೂಲ. ಒಂದು ಮಗ್ಗುಲಲ್ಲಿ ಬಂದರು, ಅದರಾಚೆಗೆ ಅಣುವಿದ್ಯುತ್ ಕೇಂದ್ರಗಳ ಚೌಕಾಕಾರದ ಭಾರಿ ಕಟ್ಟಡಗಳು. ಅವುಗಳ ಕಡೆಗೆ ಬೆನ್ನು ಮಾಡಿ ನಿಂತರೆ ಸಂತ ಪ್ಯಾಟ್ರಿಕನ ಹೆಸರಿನ ಪುರಾತನ ಪ್ರಾರ್ಥನಾ ಮಂದಿರದ ಮುರುಕು ಗೋಡೆ. ಅದರ ಬಳಿಯೇ ಬಂಡೆಯಲ್ಲಿ ಕೊರೆದ ಸಮಾಧಿಗಳು. ಸುಮಾರು ಸಾವಿರ ವರ್ಷ ಹಳೆಯವೆಂದು ಎಣಿಸಲಾಗುವ ಈ ಗೋರಿಗಳು ಮನುಷ್ಯನ ಆಕಾರದಲ್ಲಿಯೇ ಇವೆ; ಹೆಗಲಿನ ಅಗಲ, ತಲೆಯ ದುಂಡು ಎಲ್ಲವನ್ನೂ ಉಳಿಯಿಂದ ಬಿಡಿಸಲಾಗಿದೆ. ಒಳಗಿದ್ದವರು ಯಾರೂ ಈಗಿಲ್ಲ. ಮಳೆ ಬಂದಾಗ ನೀರು ತುಂಬಿಕೊಂಡು ಅದರಲ್ಲಿ ಮೋಡಗಳು ತೇಲುತ್ತವೆ. ಕೊಲ್ಲಿಯಾಚೆ ಸರೋವರ ಸೀಮೆಯ ನೀಲಿ ಬೆಟ್ಟಗಳ ಸಾಲು.

ಅಲ್ಲಿಂದ ಉತ್ತರಕ್ಕೆ ಮೋರ್‌ಕಂಬ್ ಪಟ್ಟಣ. ಒಂದು ಕಾಲಕ್ಕೆ ಗಿರಣಿ ಊರುಗಳ ಜನ ರಜೆ ಕಳೆಯಲು ಮುಗಿಬೀಳುತ್ತಿದ್ದ ಸ್ಥಳ. 1933ರಲ್ಲಿ ಕಟ್ಟಿದ ಬಿಳಿಯ ಮಿಡ್‌ಲ್ಯಾಂಡ್ ಹೋಟೆಲು ಆ ವೈಭವದ ನೆನಪಾಗಿ ದಂಡೆಯಲ್ಲಿ ನಿಂತಿದೆ. ಮಕ್ಕಳನ್ನು ಕಟ್ಟಿಕೊಂಡು ಹೋದವರಿಗೆ ಇಲ್ಲಿ ಒಂದು ಸಂಜೆ ಸಾಕು.

ಪಟ್ಟಣ ದಾಟಿದ ಮೇಲೆ ಸಿಗುವ ಹೆಸ್ಟ್ ಬ್ಯಾಂಕ್ ಎಂಬ ಹಳ್ಳಿ ನೋಟಕ್ಕೆ ಸಾಧಾರಣ, ಇತಿಹಾಸಕ್ಕೆ ದೊಡ್ಡದು. ರೈಲು ಬರುವ ಮೊದಲು ಲ್ಯಾಂಕಾಸ್ಟರಿನಿಂದ ಆಚೆಯ ದಡಕ್ಕೆ ಹೋಗುವ ಹೆದ್ದಾರಿ ಇಲ್ಲಿಂದಲೇ ಮರಳಿಗೆ ಇಳಿಯುತ್ತಿತ್ತು. ನೆಲದ ದಾರಿ ಬಹಳ ಬಳಸು. ಇಳಿತದ ಸಮಯ ನೋಡಿ ಮರಳನ್ನು ದಾಟಿದರೆ ಅರ್ಧ ದಿನದ ಉಳಿತಾಯ. ಆ ಉಳಿತಾಯಕ್ಕಾಗಿ ಸಂನ್ಯಾಸಿಗಳು, ವರ್ತಕರು, ಮದುವೆಯ ದಿಬ್ಬಣಗಳು ಸಹ ಹಾದುಹೋಗಿವೆ. 1781ರಿಂದ ಕುದುರೆ ಬಂಡಿಗಳ ನಿಯತ ಸಂಚಾರವೂ ಇತ್ತು. ಚಿತ್ರಕಾರ ಟರ್ನರ್ ತನ್ನ ಚಿತ್ರವೊಂದರಲ್ಲಿ, ಮಳೆಯಲ್ಲಿ ನೆನೆಯುತ್ತ ಬಂಡಿಯ ಜೊತೆಗೆ ದಡದತ್ತ ಧಾವಿಸುವ ಜನರನ್ನು ಬರೆದಿದ್ದಾನೆ. ಎಲ್ಲರೂ ದಡ ಸೇರಲಿಲ್ಲ. ಆಚೆಯ ಕಾರ್ಟ್‌ಮೆಲ್ ಚರ್ಚಿನ ಮರಣದ ದಫ್ತರದಲ್ಲಿ ಮರಳಿನಲ್ಲಿ ಮುಳುಗಿ ಸತ್ತವರ ಹೆಸರುಗಳು ನೂರಕ್ಕೂ ಮೀರಿ ಇವೆ.

ಇನ್ನೂ ಸ್ವಲ್ಪ ಮುಂದೆ ರೆಡ್ ಬ್ಯಾಂಕ್ ಎಂಬ ದಿಬ್ಬದ ಮೇಲೆ, ಹುಲ್ಲಿನ ನಡುವೆ, ಕಡಲಿಗೆ ಮುಖ ಮಾಡಿದ ಕಲ್ಲಿನ ಚಿಪ್ಪೊಂದಿದೆ. 2013ರಲ್ಲಿ ನಿಲ್ಲಿಸಿದ್ದು. ಪ್ರವಾಸಿಗರು ಅದರ ಪಕ್ಕ ನಿಂತು ಚಿತ್ರ ತೆಗೆಸಿಕೊಳ್ಳುವುದುಂಟು. ಅದು ನೋಡುತ್ತಿರುವ ಮರಳಿನಲ್ಲಿ 2004ರ ಫೆಬ್ರವರಿ 5ರ ರಾತ್ರಿ 23 ಮಂದಿ ಚೀನೀ ಕೂಲಿಗಳು ಮುಳುಗಿ ಸತ್ತರು.

ಕರಾವಳಿಯ ಕನ್ನಡಿಗರು ಬಲ್ಲ ಮರುವಾಯಿಯಂಥ ಎರಡು ಚಿಪ್ಪಿನ ಜೀವಿ ಈ ಕೊಲ್ಲಿಯಲ್ಲಿ ಹೇರಳ. ಇಳಿತದ ಹೊತ್ತಿನಲ್ಲಿ ಮರಳನ್ನು ಕೆರೆದು ಅದನ್ನು ಆಯುವುದು ಹಳೆಯ ಕಸುಬು. ಫೂಜಿಯನ್ ಪ್ರಾಂತದಿಂದ ಸಾಲ ಮಾಡಿ, ಕಳ್ಳದಾರಿಯಲ್ಲಿ ಬಂದಿದ್ದ ಈ ಜನರಿಗೆ ಮೇಸ್ತ್ರಿ ಕೊಡುತ್ತಿದ್ದುದು 25 ಕಿಲೋ ಚೀಲಕ್ಕೆ 5 ಪೌಂಡು. ಭಾಷೆ ಬಾರದು, ಉಬ್ಬರದ ವೇಳಾಪಟ್ಟಿ ತಿಳಿಯದು. ಅಂದು ಮರಳಿನಿಂದ ಹಿಂದಿರುಗುತ್ತಿದ್ದ ಸ್ಥಳೀಯರು ಕೈಗಡಿಯಾರವನ್ನು ಬೆರಳಿನಿಂದ ತಟ್ಟಿ ತೋರಿಸಿ ಎಚ್ಚರಿಸಲು ನೋಡಿದರೆಂದು ಆಮೇಲೆ ಹೇಳಿದರು. ಸನ್ನೆ ತಲಪಲಿಲ್ಲ, ಅಥವಾ ಹೊರಟುಬರುವ ಸ್ವಾತಂತ್ರ್ಯ ಅವರಿಗೆ ಇರಲಿಲ್ಲ. ಕತ್ತಲಲ್ಲಿ ನೀರು ಸುತ್ತುವರಿದಾಗ ಅವರಲ್ಲೊಬ್ಬ ಫೋನು ಮಾಡಿದ್ದು ಸಾವಿರಾರು ಮೈಲಿ ದೂರದ ಊರಿನಲ್ಲಿದ್ದ ಹೆಂಡತಿಗೆ. ಮೇಸ್ತ್ರಿಗೆ 2006ರಲ್ಲಿ 14 ವರ್ಷಗಳ ಸೆರೆವಾಸ ವಿಧಿಸಲಾಯಿತು. ಕೂಲಿಗಳನ್ನು ಒದಗಿಸುವ ಗುತ್ತಿಗೆದಾರರು ಪರವಾನಗಿ ಪಡೆಯಲೇಬೇಕೆಂಬ ಕಾನೂನು 2004ರಲ್ಲಿಯೇ ಬಂತು. ಅಷ್ಟು ಸಾವುಗಳಾಗುವವರೆಗೆ ಅದು ಬಾರದೆ ಹೋದದ್ದು ಶೋಚನೀಯ.

ಕೊಲ್ಲಿಯ ಪೂರ್ವ ಅಂಚಿನಲ್ಲಿ ಸಿಲ್ವರ್‌ಡೇಲ್ ಬಳಿಯ ಜೆನಿ ಬ್ರೌನ್ ಮೂಲೆಗೆ ಒಂದು ಹಳೆಯ ಚಿಮಣಿಯೇ ಗುರುತು. ಕಡಲಿನಿಂದ ನೆಲ ಗಳಿಸುತ್ತೇವೆಂದು 19ನೆಯ ಶತಮಾನದಲ್ಲಿ ಕಟ್ಟಹೊರಟು ಅರ್ಧಕ್ಕೇ ಬಿಟ್ಟ ಕಲ್ಲಿನ ಗೋಡೆಯ ಅವಶೇಷ ಅಲ್ಲಿಂದ ಮರಳಿನೊಳಕ್ಕೆ ಸಾಗಿ ನಿಂತುಬಿಡುತ್ತದೆ. ಅದಕ್ಕೂ ಉತ್ತರಕ್ಕೆ ಆರ್ನ್‌ಸೈಡ್ ಗುಡ್ಡ. ಎತ್ತರ 520 ಅಡಿಗಳಷ್ಟೇ ಆದರೂ ಕೊಲ್ಲಿಯನ್ನು ನೋಡಲು ಇದಕ್ಕಿಂತ ಮಿಗಿಲಾದ ಜಾಗ ದೊರೆಯುವುದು ಕಷ್ಟ. ಕೆಂಟ್ ನದಿಯು ಮರಳಿನಲ್ಲಿ ಬಳುಕುವ ಬಗೆ, 1857ರಲ್ಲಿ ಅದಕ್ಕೆ ಅಡ್ಡವಾಗಿ ಕಟ್ಟಿದ ರೈಲು ಸೇತುವೆಯ ಕಂಬಗಳ ಸಾಲು, ಎಲ್ಲವೂ ಅಂಗೈ ಮೇಲಿನ ರೇಖೆಗಳಂತೆ ಕಾಣುತ್ತವೆ. ಕೆಳಗಿನ ಊರಿನಲ್ಲಿ ಉಬ್ಬರಕ್ಕೆ ಮುಂಚೆ ಸೈರನ್ ಮೊಳಗುತ್ತದೆ. ದೊಡ್ಡ ಉಬ್ಬರದ ದಿನ ಸ್ವಲ್ಪ ಹೊತ್ತಿನಲ್ಲೇ ನದೀಮುಖದಲ್ಲಿ ಅಡ್ಡಗೆರೆಯಂತೆ ಒಂದು ಬಿಳಿಯ ನೊರೆ ಮೂಡಿ, ನದಿಯ ಹರಿವಿಗೆ ಇದಿರಾಗಿ ಮೇಲಕ್ಕೆ ಏರಿಬರುತ್ತದೆ.

ಆಚೆಯ ದಡದ ಗ್ರೇಂಜ್ ಪಟ್ಟಣದ ಪೂರ್ಣ ಹೆಸರಿನಲ್ಲಿಯೇ ಮರಳು ಸೇರಿಕೊಂಡಿದೆ. ಆದರೆ ನದಿಯ ಕಾಲುವೆ ದೂರ ಸರಿದು, ಅದರ ಕಡಲತೀರವೆಲ್ಲ ಹುಲ್ಲು ಬೆಳೆದು ಕುರಿಗಳ ಮೇವುಗಾವಲಾಗಿದೆ. ಅದರ ಹಿಂದಿನ ಹ್ಯಾಂಪ್ಸ್‌ಫೆಲ್ ಗುಡ್ಡದ ನೆತ್ತಿಯಲ್ಲಿ, ದಾರಿಗರ ಆಶ್ರಯಕ್ಕೆಂದು ಕಾರ್ಟ್‌ಮೆಲಿನ ಪಾದ್ರಿಯೊಬ್ಬರು ಕಟ್ಟಿಸಿದ ಕಲ್ಲಿನ ಮಂಟಪವಿದೆ. ಅದರ ಮಾಳಿಗೆಯ ಮೇಲೆ ತಿರುಗುವ ಮುಳ್ಳೊಂದನ್ನಿಟ್ಟು, ಯಾವ ದಿಕ್ಕಿಗೆ ತಿರುಗಿಸಿದರೆ ಯಾವ ಬೆಟ್ಟವೆಂದು ಪಟ್ಟಿ ಬರೆದಿಟ್ಟಿದ್ದಾರೆ. ಇದಕ್ಕಿಂತ ಸರಳವಾದ ಮಾರ್ಗದರ್ಶಿ ಪುಸ್ತಕ ಇರಲಾರದು. ನೈರುತ್ಯಕ್ಕೆ ಹಂಫ್ರಿ ಭೂಶಿರ: ಸುಣ್ಣಕಲ್ಲಿನ 170 ಅಡಿಯ ಬೆನ್ನು ಕೊಲ್ಲಿಯೊಳಕ್ಕೆ ನೇರವಾಗಿ ಚಾಚಿದೆ. ಇಂಗ್ಲೆಂಡಿನ ಕಟ್ಟಕಡೆಯ ತೋಳವನ್ನು ಇಲ್ಲಿ ಕೊಂದರೆಂಬ ಐತಿಹ್ಯವನ್ನು ಊರವರು ಬಿಟ್ಟುಕೊಡುವುದಿಲ್ಲ.

ಮರಳನ್ನು ಮೇಲಿನಿಂದ ನೋಡಿ ತೃಪ್ತಿಯಾಗದವರಿಗೆ ಈಗಲೂ ದಾಟುವ ದಾರಿಯುಂಟು; ಆದರೆ ದಾರಿಗನೊಬ್ಬನೇ ದಾಟಬಾರದು. ಹಿಂದೆ ಕಾರ್ಟ್‌ಮೆಲಿನ ಸಂನ್ಯಾಸಿಗಳು ದಾರಿ ತೋರುವವರನ್ನು ಇಟ್ಟಿದ್ದರು. ಮಠಗಳು ಮುಚ್ಚಿದ ಬಳಿಕ, 16ನೆಯ ಶತಮಾನದಿಂದ, ಈ ಹುದ್ದೆಗೆ ರಾಜಮನೆತನದ ನೇಮಕ. ಸಂಬಳ ವರ್ಷಕ್ಕೆ 15 ಪೌಂಡು, ವಾಸಕ್ಕೊಂದು ಮನೆ. ಮೀನುಗಾರ ಸೆಡ್ರಿಕ್ ರಾಬಿನ್‌ಸನ್ 1963ರಿಂದ 2019ರವರೆಗೆ, 56 ವರ್ಷ, ಈ ಕೆಲಸದಲ್ಲಿದ್ದರು. ಸಾವಿರಾರು ಜನರನ್ನು ದಾಟಿಸಿದರು. 1985ರಲ್ಲಿ ರಾಣಿಯ ಪತಿ ಪ್ರಿನ್ಸ್ ಫಿಲಿಪ್ ಕುದುರೆ ಬಂಡಿ ನಡೆಸಿಕೊಂಡು ದಾಟಿದ್ದೂ ಇವರ ಹಿಂದೆಯೇ.

ಕೆಲಸದ ಕ್ರಮ ಹೀಗೆ. ಕೆಂಟ್ ನದಿಯ ಕಾಲುವೆ ಸದಾ ಸ್ಥಳ ಬದಲಾಯಿಸುವುದರಿಂದ ಕಳೆದ ವಾರದ ದಾರಿ ಈ ವಾರಕ್ಕಾಗದು. ಮಾರ್ಗದರ್ಶಿ ಮುಂಚಿತವಾಗಿ ಕೋಲು ಹಿಡಿದು ಮರಳನ್ನು ತಿವಿಯುತ್ತ ಹೋಗಿ, ಎಲ್ಲಿ ಗಟ್ಟಿ, ಎಲ್ಲಿ ಹುದುಲು, ನದಿಯನ್ನು ಎಲ್ಲಿ ಹಾಯಬಹುದು ಎಂದು ನೋಡಿ, ಲಾರೆಲ್ ಗಿಡದ ಎಲೆಗೊಂಬೆಗಳನ್ನು ನೆಟ್ಟು ಬರುತ್ತಾನೆ. ಅಲೆ ಬಡಿದರೂ ಲಾರೆಲ್ ಎಲೆ ಬೇಗ ಉದುರದು. ಹುದುಲು ಮರಳು ಕಥೆಗಳಲ್ಲಿ ಬರುವಂತೆ ಮನುಷ್ಯನನ್ನು ಇಡಿಯಾಗಿ ನುಂಗುವುದಿಲ್ಲ. ಮೊಣಕಾಲಿನವರೆಗೋ ಸೊಂಟದವರೆಗೋ ಬಿಗಿಯಾಗಿ ಹಿಡಿದಿಡುತ್ತದೆ. ಉಳಿದದ್ದನ್ನು ಉಬ್ಬರ ಮಾಡಿ ಮುಗಿಸುತ್ತದೆ.

ಬೇಸಿಗೆಯ ನಿಗದಿತ ದಿನಗಳಲ್ಲಿ ನೂರಾರು ಜನ, ಮಕ್ಕಳು ನಾಯಿಗಳ ಸಮೇತ, ಆರ್ನ್‌ಸೈಡಿನಿಂದ ಹೊರಟು ಮಾರ್ಗದರ್ಶಿಯ ಹಿಂದೆ ಸುಮಾರು 8 ಮೈಲಿ ನಡೆಯುತ್ತಾರೆ. ನದಿಯ ಬಳಿ ಎಲ್ಲರೂ ಸಾಲಾಗಿ ಹರಡಿ ನಿಂತು, ಸನ್ನೆಯಾದೊಡನೆ ಒಟ್ಟಿಗೆ ನೀರಿಗಿಳಿಯುತ್ತಾರೆ. ಒಬ್ಬರ ಹೆಜ್ಜೆಯ ಮೇಲೊಬ್ಬರು ತುಳಿದರೆ ತಳದ ಮರಳು ಸಡಿಲವಾದೀತೆಂಬ ಎಚ್ಚರ. ಕೆಂಟ್ಸ್ ಬ್ಯಾಂಕಿನಲ್ಲಿ ದಡ ಹತ್ತಿ, ಒದ್ದೆ ಕಾಲುಗಳನ್ನು ಒರೆಸಿಕೊಂಡು, ಅಲ್ಲಿಯೇ ಇರುವ ನಿಲ್ದಾಣದಲ್ಲಿ ರೈಲು ಹಿಡಿದರೆ ಹತ್ತು ನಿಮಿಷಗಳ ಸುಮಾರಿಗೆ ಹೊರಟ ಊರು ಮತ್ತೆ ಬರುತ್ತದೆ. ಬಲಗಡೆಯ ಕಿಟಕಿಯಲ್ಲಿ ಕುಳಿತವರಿಗೆ ಕೊಲ್ಲಿ ಕಾಣುತ್ತದೆ. ತಡವಾದ ರೈಲಿನಲ್ಲಿ ಹೋದವರು, ತಾವು ನಡೆದುಬಂದ ಜಾಗ ಯಾವುದೆಂದು ನೀರಿನ ಮೇಲೆ ಬೆರಳು ಮಾಡಿ ಮಕ್ಕಳಿಗೆ ತೋರಿಸುತ್ತಾರೆ.