ಗುಜರಿಗೆ ಹಾಕುವ ಮೊದಲು ಸೀಟಿನ ಕೆಳಗೆ ನೋಡಿ ಸ್ವಾಮಿ!

2003ರಲ್ಲಿ ಎಂಎಂಟಿಎಸ್ ರೈಲು ಬರುವ ಮುಂಚಿನಿಂದಲೂ ನಾನು ಲಿಂಗಂಪಲ್ಲಿಯವನೇ. ಆಗ ನಮ್ಮ ಸುತ್ತ ಬಂಡೆ, ಕುರುಚಲು ಗಿಡ. ಈಗ ಗೇಟು ಹಾಕಿದ ಕಾಲನಿ, ಒಳಗೆ ಹಸಿರು ಲಾನು. ಆ ಲಾನಿಗೆಂದು ಪುಟ್ಟ ಟ್ರ್ಯಾಕ್ಟರಿನಂಥ, ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರವೂ ಇದೆ. ಈ ಮಳೆಗಾಲ ಅದು ಸ್ಟಾರ್ಟ್ ಆಗಲಿಲ್ಲ. ಕಮಿಟಿ ಹತ್ತೇ ನಿಮಿಷದಲ್ಲಿ ತೀರ್ಮಾನಿಸಿತು: "ಹಳೇದಾಯ್ತು, ಗುಜರಿಗೆ ಹಾಕಿ, ಹೊಸದು ತನ್ನಿ."

ನನ್ನದು ತಕರಾರಿದೆ.

ಮೊದಲು ಲೆಕ್ಕ. ಬ್ಯಾಂಕಿನವನಿಗೆ ಸವಕಳಿ ಹೇಳಿಕೊಡಬೇಕಿಲ್ಲ. ಒಂದು ಲಕ್ಷದ ಯಂತ್ರಕ್ಕೆ ಉಳಿದ ಬೆಲೆಯ ಮೇಲೆ ವರ್ಷಕ್ಕೆ ಶೇ. 15 ಕಳೆಯುತ್ತಾ ಹೋದರೂ 10 ವರ್ಷದ ಮೇಲೆ 19,687 ರೂಪಾಯಿ ಉಳಿಯುತ್ತದೆ. ಅದೂ ಕಾಗದದ ಬೆಲೆ. ಕಬ್ಬಿಣಕ್ಕೆ ಲೆಡ್ಜರ್ ಓದಲು ಬರುವುದಿಲ್ಲ!

ಇನ್ನು, ನಾಡಿ ಹಿಡಿಯದೆ ಡೆತ್ ಸರ್ಟಿಫಿಕೇಟ್ ಕೊಡುವುದು ಯಾವ ನ್ಯಾಯ? ಕೀ ತಿರುಗಿಸಿದರೆ ಸದ್ದೇ ಇಲ್ಲವೇ? ಬ್ಯಾಟರಿಗೆ ಮೀಟರ್ ಹಿಡಿಯಿರಿ, ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್ ತೋರಿಸಬೇಕು. ಆಮೇಲೆ ಫ್ಯೂಸ್, ಸೇಫ್ಟಿ ಸ್ವಿಚ್ಚುಗಳು. ಬ್ರೇಕ್ ಒತ್ತದೆ, ಬ್ಲೇಡ್ ಬಿಡಿಸದೆ ಎಂಜಿನ್ ಶುರುವಾಗಬಾರದು, ಬ್ಲೇಡ್ ತಿರುಗುವಾಗ ಓಡಿಸುವವನು ಎದ್ದರೆ ನಿಲ್ಲಬೇಕು ಎಂದೇ ಅವನ್ನು ಇಟ್ಟಿರುವುದು. ಸೀಟಿನ ಕೆಳಗಿನ ಸ್ವಿಚ್ಚಿಗೆ ತುಕ್ಕು ಹಿಡಿದರೂ ಗಟ್ಟಿ ಯಂತ್ರ ಕೈಕೊಡಬಹುದು. ಹಾಗೆಂದು ತಂತಿ ಸುತ್ತಿ ತಪ್ಪಿಸಬೇಡಿ, ಸ್ವಿಚ್ಚೇ ಬದಲಿಸಿ. ಮಾಲಿಯ ಕಾಲು ಯಾವ ಯಂತ್ರಕ್ಕಿಂತಲೂ ದುಬಾರಿ.

ಎಂಜಿನ್ ತಿರುಗಿಯೂ ಹತ್ತದಿದ್ದರೆ ಪೆಟ್ರೋಲ್ ನೋಡಿ. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತದ್ದು, ಎಥನಾಲ್ ನೀರು ಹೀರುತ್ತದೆ. ಬೇಸಿಗೆಯಿಡೀ ಟ್ಯಾಂಕಿನಲ್ಲಿ ಕೂತ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರಿನ ಜೆಟ್ ಕಟ್ಟುತ್ತದೆ. ಜೆಟ್ ತೊಳೆದು, ಪ್ಲಗ್ಗು, ಏರ್ ಫಿಲ್ಟರ್ ಬದಲಿಸುವುದು ಸ್ಕೂಟರ್ ಮೆಕ್ಯಾನಿಕ್ಕಿಗೂ ಗೊತ್ತಿರುವ ಕೆಲಸ.

"ಪಾರ್ಟ್ಸ್ ಸಿಗಲ್ಲ ಸಾರ್" ಎನ್ನುತ್ತಾರೆ. ಸಿಗಬೇಕು ಎಂದು ಕೇಳಿದ್ದೀರಾ? 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗೆಂದು ಸಮಿತಿ ಮಾಡಿತು. ಮೊದಲಿಗೆ ಆರಿಸಿಕೊಂಡ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣವೂ ಒಂದು. ಕೇಳುವವರೇ ಇಲ್ಲದಿದ್ದರೆ ಸಮಿತಿ ಏನು ಮಾಡೀತು?

ನಮ್ಮೂರ ಕಡೆ ಪಂಪ್‌ಸೆಟ್ಟು ಕೆಟ್ಟರೆ ಬಿಚ್ಚಿ ನೋಡದೆ ಯಾರೂ ಮಾರುವುದಿಲ್ಲ. ಪಟ್ಟಣಕ್ಕೆ ಬಂದ ಮಾತ್ರಕ್ಕೆ ಆ ಬುದ್ಧಿ ಬಿಡಬೇಕೆ? ಮುಂದಿನ ಮೀಟಿಂಗಿನಲ್ಲಿ ನಾನು ಕೇಳುವುದಿಷ್ಟೇ: ಹೊಸದರ ಕೊಟೇಶನ್ ಜೊತೆಗೆ, ಹಳೆಯದರಲ್ಲಿ ಏನು ಕೆಟ್ಟಿದೆ ಎಂದು ಮೆಕ್ಯಾನಿಕ್ ಬರೆದ ಚೀಟಿ. ಅದಿಲ್ಲದೆ ನನ್ನ ಒಪ್ಪಿಗೆ ಇಲ್ಲ. ನಿಮ್ಮ ಕಾಲನಿಯಲ್ಲೂ ಕೇಳಿ ನೋಡಿ. ಏನಂತೀರಿ?